ದೆಹಲಿಯ ಕಾರ್ಯದರ್ಶಿಗಳು, ದಾವಣಗೆರೆಯ ಕಾಮಗಾರಿಗಳು

ದಾವಣಗೆರೆ: ಸ್ಮಾರ್ಟ್ ಸಿಟಿ ಯೋಜನೆಯ ಮೊದಲ 20 ನಗರಗಳ ಪಟ್ಟಿ 2016ರ ಜನವರಿ 28ರಂದು ದೆಹಲಿಯಲ್ಲಿ ಪ್ರಕಟವಾದಾಗ ಕರ್ನಾಟಕದಿಂದ ಸ್ಥಾನ ಪಡೆದದ್ದು ದಾವಣಗೆರೆ ಮತ್ತು ಬೆಳಗಾವಿ ಮಾತ್ರ. ಪಟ್ಟಿಯನ್ನು ಪ್ರಕಟಿಸಿದವರು ಅಂದಿನ ಕೇಂದ್ರ ನಗರಾಭಿವೃದ್ಧಿ ಸಚಿವ ಎಂ.ವೆಂಕಯ್ಯ ನಾಯ್ಡು. ಆದರೆ ನಗರಗಳ ಪ್ರಸ್ತಾವಗಳಿಗೆ ಒಪ್ಪಿಗೆ ನೀಡುವ, ಹಣ ಬಿಡುಗಡೆ ಮಾಡುವ ಅಧಿಕಾರವನ್ನು ಯೋಜನೆಯ ಮಾರ್ಗಸೂಚಿ ಒಂದು ಉನ್ನತ ಸಮಿತಿಗೆ ವಹಿಸಿತ್ತು. ಅದರ ಅಧ್ಯಕ್ಷರು ಸಚಿವರಲ್ಲ. ಆ ಸಚಿವಾಲಯದ ಕಾರ್ಯದರ್ಶಿ.

ಕೇಂದ್ರ ಸರ್ಕಾರದ ಕಾರ್ಯದರ್ಶಿ ಎಂದರೆ ಯಾರು, ಆತನ ಅಧಿಕಾರದ ಮಿತಿ ಎಲ್ಲಿಯವರೆಗೆ ಎಂಬುದು ಬಹುತೇಕ ನಾಗರಿಕರಿಗೆ ಅಸ್ಪಷ್ಟ. ಜಿಲ್ಲಾಧಿಕಾರಿಯನ್ನು ಎಲ್ಲರೂ ಬಲ್ಲರು, ಸಂಸದರನ್ನೂ ಬಲ್ಲರು. ಇವರಿಬ್ಬರ ನಡುವೆ ದೆಹಲಿಯಲ್ಲಿ ಕುಳಿತು ಕಡತದ ಮೇಲೆ ಸಹಿ ಹಾಕುವ ಅಧಿಕಾರಿ ಮಾತ್ರ ಕಣ್ಣಿಗೆ ಬೀಳುವುದಿಲ್ಲ.

ದಿವಾನಗಿರಿಯಿಂದ ಸಚಿವಾಲಯಕ್ಕೆ

ಹಿಂದೆ ಹೀಗಿರಲಿಲ್ಲ. ದಾವಣಗೆರೆ, ಹರಿಹರ ಎರಡೂ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿದ್ದ ಕಾಲದಲ್ಲಿ ದಿವಾನರೇ ಆಡಳಿತದ ಮುಖ್ಯಸ್ಥರು, ರಾಜಕೀಯ ನಾಯಕರೂ ಅವರೇ. ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ 1941ರಲ್ಲಿ ಆರಂಭವಾದದ್ದು ಆ ವ್ಯವಸ್ಥೆಯಲ್ಲಿ. ಸ್ವಾತಂತ್ರ್ಯಾನಂತರ ಈ ಎರಡು ಹೊಣೆಗಳು ಬೇರೆಯಾದವು: ನೀತಿ ನಿರ್ಧರಿಸುವುದು ಚುನಾಯಿತ ಸಚಿವರ ಕೆಲಸ, ಸಲಹೆ ನೀಡುವುದು ಮತ್ತು ಜಾರಿಗೊಳಿಸುವುದು ಅಧಿಕಾರಿಯ ಕೆಲಸ. (1941ರಲ್ಲಿ ಮೈಸೂರಿನ ದಿವಾನರಾದ ಎನ್.ಮಾಧವರಾವ್ ಮುಂದೆ ಸಂವಿಧಾನದ ಕರಡು ಸಮಿತಿಯ ಸದಸ್ಯರಾದರು ಎಂಬುದನ್ನು ಇಲ್ಲಿ ನೆನೆಯಬಹುದು.)

ಆದರೆ ಕಾಗದದ ಮೇಲಿನ ಈ ವಿಭಜನೆ ಕಡತದಲ್ಲಿ ಅಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಸಂವಿಧಾನದ 77ನೇ ವಿಧಿಯ ಪ್ರಕಾರ ಕೇಂದ್ರದ ಎಲ್ಲ ಆದೇಶಗಳೂ ರಾಷ್ಟ್ರಪತಿಯವರ ಹೆಸರಿನಲ್ಲಿ ಹೊರಡುತ್ತವೆ. ಸಹಿ ಮಾತ್ರ ಅಧಿಕಾರಿಯದು. ಯಾವ ವಿಷಯ ಯಾವ ಸಚಿವಾಲಯಕ್ಕೆ ಸೇರುತ್ತದೆ, ಯಾವುದು ಸಚಿವರ ಮುಂದೆ, ಯಾವುದು ಸಂಪುಟದ ಮುಂದೆ ಹೋಗಬೇಕು ಎಂಬುದನ್ನು 1961ರ ಎರಡು ನಿಯಮಾವಳಿಗಳು ಹೇಳುತ್ತವೆ. ಉಳಿದ ಅಸಂಖ್ಯ ತೀರ್ಮಾನಗಳು ಅಧೀನ ಕಾರ್ಯದರ್ಶಿ, ಉಪ ಕಾರ್ಯದರ್ಶಿ, ನಿರ್ದೇಶಕ, ಜಂಟಿ ಕಾರ್ಯದರ್ಶಿ ಎಂಬ ಮೆಟ್ಟಿಲುಗಳಲ್ಲೇ ಇತ್ಯರ್ಥವಾಗುತ್ತವೆ. ಮೇಲಿನ ಮೆಟ್ಟಿಲಲ್ಲಿ ಹೆಚ್ಚುವರಿ ಕಾರ್ಯದರ್ಶಿ ಮತ್ತು ಕಾರ್ಯದರ್ಶಿ. ಇವರೆಲ್ಲರಿಗೂ ಮೇಲೆ ಸಂಪುಟ ಕಾರ್ಯದರ್ಶಿ. 1950ರಲ್ಲಿ ಎನ್.ಆರ್.ಪಿಳ್ಳೈ ಆ ಸ್ಥಾನದ ಮೊದಲಿಗರಾದರು.

ಲೈಸೆನ್ಸ್ ಯುಗದಲ್ಲಿ ಈ ಮೆಟ್ಟಿಲುಗಳ ಬಿಸಿ ಹರಿಹರಕ್ಕೆ ನೇರವಾಗಿ ತಟ್ಟುವಂತಿತ್ತು. 1951ರ ಕೈಗಾರಿಕೆಗಳ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆಯ ಅನುಸೂಚಿಯಲ್ಲಿ ಯಂತ್ರೋಪಕರಣಗಳೂ ಸೇರಿದ್ದವು. ಲೇತ್ ತಯಾರಿಸುವ ಕಾರ್ಖಾನೆಯ ವಿಸ್ತರಣೆಯಂಥ ವಿಷಯಗಳು ದೆಹಲಿಯ ಅಧಿಕಾರಿಗಳ ಮೇಜಿನ ಮೇಲೆ ಬರುತ್ತಿದ್ದವು. 1991ರ ಜುಲೈನ ಕೈಗಾರಿಕಾ ನೀತಿ ಬಹುತೇಕ ಲೈಸೆನ್ಸ್‌ಗಳನ್ನು ರದ್ದುಪಡಿಸಿತು. ಹರಿಹರದ ಆ ಕಾರ್ಖಾನೆ ಬಳಿಕ ಮುಚ್ಚಿಹೋಯಿತು. ಅದಕ್ಕೆ ಕಾರಣ ಬೇರೆಯೇ ಚರ್ಚೆಯ ವಿಷಯ.

ಹಣಕ್ಕೆ ಉತ್ತರದಾಯಿ ಯಾರು?

ಸಚಿವರು ಸದನಕ್ಕೆ ಉತ್ತರ ಕೊಡುತ್ತಾರೆ. ಆದರೆ ಖರ್ಚಾದ ಹಣಕ್ಕೆ? 2017ರ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ ಸಚಿವಾಲಯದ ಮುಖ್ಯ ಲೆಕ್ಕಪತ್ರ ಪ್ರಾಧಿಕಾರಿ ಕಾರ್ಯದರ್ಶಿಯೇ. ಮಹಾಲೇಖಪಾಲರ ವರದಿಯಲ್ಲಿ ಆಕ್ಷೇಪ ಬಂದರೆ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಎದುರು ಹಾಜರಾಗುವವರು ಅವರು. ಸಚಿವರನ್ನು ಆ ಸಮಿತಿ ಸಾಕ್ಷಿಯಾಗಿ ಕರೆಯುವ ರೂಢಿಯಿಲ್ಲ.

ಈ ಎರಡು ಹೊಣೆಗಳ ನಡುವಿನ ಗೆರೆ ಎಷ್ಟು ತೆಳುವಾದುದೆಂಬುದನ್ನು ಮುಂದ್ರಾ ಪ್ರಕರಣ ತೋರಿಸಿಕೊಟ್ಟಿತು. ಜೀವ ವಿಮಾ ನಿಗಮದ ಹಣವನ್ನು ಮುಂದ್ರಾ ಅವರ ಕಂಪನಿಗಳ ಷೇರುಗಳಲ್ಲಿ ತೊಡಗಿಸಿದ ಬಗ್ಗೆ ನ್ಯಾಯಮೂರ್ತಿ ಎಂ.ಸಿ.ಛಾಗ್ಲಾ ಆಯೋಗ ವಿಚಾರಣೆ ನಡೆಸಿದಾಗ, ಹಣಕಾಸು ಕಾರ್ಯದರ್ಶಿ ಎಚ್.ಎಂ.ಪಟೇಲ್ ಮತ್ತು ಸಚಿವ ಟಿ.ಟಿ.ಕೃಷ್ಣಮಾಚಾರಿ ಅವರ ಹೇಳಿಕೆಗಳು ಪರಸ್ಪರ ತಾಳೆಯಾಗಲಿಲ್ಲ. 1958ರಲ್ಲಿ ಸಚಿವರು ರಾಜೀನಾಮೆ ನೀಡಿದರು. ಬಾಯಿಮಾತಿನ ಒಪ್ಪಿಗೆ ಎಂಥ ಇಕ್ಕಟ್ಟಿಗೆ ಸಿಲುಕಿಸಬಲ್ಲದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗದು. ಆದರೂ ಅಧಿಕಾರಿಗಳು ಮೌಖಿಕ ಆದೇಶಗಳನ್ನು ಲಿಖಿತವಾಗಿ ದಾಖಲಿಸಬೇಕೆಂದು ಸುಪ್ರೀಂ ಕೋರ್ಟ್ ನಿರ್ದೇಶನ ನೀಡಿದ್ದು 2013ರ ಅಕ್ಟೋಬರ್ 31ರಂದು, ಮಾಜಿ ಸಂಪುಟ ಕಾರ್ಯದರ್ಶಿ ಟಿ.ಎಸ್.ಆರ್.ಸುಬ್ರಮಣಿಯನ್ ಹಾಗೂ ಇತರರು ಸಲ್ಲಿಸಿದ್ದ ಅರ್ಜಿಯಲ್ಲಿ.

ಪಾಲಿಕೆಯ ಬದಿಗೆ ಕಂಪನಿ

ದಾವಣಗೆರೆಯ ಮಟ್ಟಿಗೆ ಅಧಿಕಾರಿಗಳ ಪ್ರಾಬಲ್ಯ ಸ್ಪಷ್ಟವಾಗಿ ಕಂಡದ್ದು ಸ್ಮಾರ್ಟ್ ಸಿಟಿಯಲ್ಲಿ. 2015ರ ಜೂನ್ 25ರಂದು ಆರಂಭವಾದ ಯೋಜನೆಯಡಿ ಪ್ರತಿ ನಗರಕ್ಕೆ ಐದು ವರ್ಷಗಳ ಕಾಲ ವರ್ಷಕ್ಕೆ ಸರಾಸರಿ 100 ಕೋಟಿ ರೂಪಾಯಿ ಕೇಂದ್ರದ ನೆರವು, ಅಷ್ಟೇ ಮೊತ್ತ ರಾಜ್ಯ ಮತ್ತು ಸ್ಥಳೀಯ ಸಂಸ್ಥೆಯಿಂದ ಎಂಬುದು ಸೂತ್ರ. ಕಾಮಗಾರಿ ನಡೆಸುವುದು ಪಾಲಿಕೆಯಲ್ಲ. ರಾಜ್ಯ ಹಾಗೂ ಪಾಲಿಕೆ ಸಮಪಾಲು ಹೊಂದಿರುವ, ಅಧಿಕಾರಿಗಳೇ ಮುನ್ನಡೆಸುವ ಕಂಪನಿ. ದೆಹಲಿಯಲ್ಲಿ ಕಾರ್ಯದರ್ಶಿ, ಬೆಂಗಳೂರಿನಲ್ಲಿ ಮುಖ್ಯ ಕಾರ್ಯದರ್ಶಿ ಅಧ್ಯಕ್ಷತೆಯ ಸಮಿತಿ, ದಾವಣಗೆರೆಯಲ್ಲಿ ವ್ಯವಸ್ಥಾಪಕ ನಿರ್ದೇಶಕ: ಹೀಗೆ ಮೇಲಿನಿಂದ ಕೆಳಗಿನವರೆಗೂ ಅಧಿಕಾರಿಗಳದೇ ಸರಪಳಿ. ವೇಗ ಬೇಕೆಂಬ ವಾದದಲ್ಲಿ ಹುರುಳಿದೆ ನಿಜ. ಆದರೆ ವಾರ್ಡಿನ ರಸ್ತೆ ಅಗೆದಾಗ ಜನ ಬಾಗಿಲು ತಟ್ಟುವುದು ಪಾಲಿಕೆ ಸದಸ್ಯರದು. ಅವರ ಕೈಯಲ್ಲೋ ನಿರ್ಣಯದ ಅಧಿಕಾರವಿಲ್ಲ. ಹಲವು ಬಾರಿ ವಿಸ್ತರಣೆಗೊಂಡ ಯೋಜನೆ 2025ರ ಮಾರ್ಚ್ 31ಕ್ಕೆ ಮುಕ್ತಾಯವಾಯಿತು.

ಇನ್ನು ಹರಿಹರ. ದಾವಣಗೆರೆಗೆ ಕುಡಿಯುವ ನೀರು ಬರುವುದು ಹರಿಹರ ತಾಲ್ಲೂಕಿನ ರಾಜನಹಳ್ಳಿ ಬಳಿ ತುಂಗಭದ್ರೆಯಿಂದ. ನೀರು ಕೊಡುವ ಊರು ಮಾತ್ರ ಸ್ಮಾರ್ಟ್ ಸಿಟಿ ಪಟ್ಟಿಯಿಂದ ಹೊರಗೇ ಉಳಿಯಿತು. 100 ನಗರಗಳಿಗೆಂದು ದೆಹಲಿಯಲ್ಲಿ ಎಳೆದ ಗೆರೆಗೆ ಹೊಳೆಯ ಲೆಕ್ಕ ಗೊತ್ತಿರುವುದಿಲ್ಲ.

ಸಂಸದರು ಸಚಿವರಾದರೂ

ದಾವಣಗೆರೆ ಸಂಸದರಾಗಿದ್ದ ಜಿ.ಎಂ.ಸಿದ್ದೇಶ್ವರ 2014ರಲ್ಲಿ ನಾಗರಿಕ ವಿಮಾನಯಾನ, ಬಳಿಕ 2016ರ ಜುಲೈವರೆಗೆ ಭಾರಿ ಕೈಗಾರಿಕೆ ಖಾತೆಯ ರಾಜ್ಯ ಸಚಿವರಾಗಿದ್ದರು. ರಾಜ್ಯ ಸಚಿವರಿಗೆ ಯಾವ ಕಡತಗಳು ಹೋಗಬೇಕೆಂಬುದನ್ನು ಸಂಪುಟ ದರ್ಜೆ ಸಚಿವರು ಹಂಚಿಕೊಡುತ್ತಾರೆ. ಕಾರ್ಯದರ್ಶಿಗಾದರೋ ಇಡೀ ಇಲಾಖೆಯೇ ಕೈಯಲ್ಲಿರುತ್ತದೆ. ನಮ್ಮ ಊರಿನವರು ಸಚಿವರಾದರು, ಇನ್ನೇನು ಎಲ್ಲವೂ ಆಯಿತು ಎಂಬ ನಿರೀಕ್ಷೆ ಈ ಕಾರಣಕ್ಕೆ ಹಲವು ಬಾರಿ ಹುಸಿಯಾಗುತ್ತದೆ.

ತುಮಕೂರು–ಚಿತ್ರದುರ್ಗ–ದಾವಣಗೆರೆ ರೈಲು ಮಾರ್ಗದ್ದು ಇನ್ನೊಂದು ಬಗೆ. 2011-12ರ ರೈಲ್ವೆ ಬಜೆಟ್‌ನಲ್ಲಿ ಸೇರಿದ ಈ ಯೋಜನೆಯ ವೆಚ್ಚದಲ್ಲಿ ಅರ್ಧ ರಾಜ್ಯದ್ದು, ಭೂಮಿಯೂ ರಾಜ್ಯದ್ದೇ. ಇಲ್ಲಿ ದೆಹಲಿಯ ಕಾರ್ಯದರ್ಶಿಗಳ ಸ್ಥಾನದಲ್ಲಿರುವುದು ರೈಲ್ವೆ ಮಂಡಳಿ. ಅಧಿಕಾರಿಗಳೆಂದರೆ ಐಎಎಸ್‌ನವರು ಮಾತ್ರ ಎಂಬ ಭಾವನೆ ತಪ್ಪೆಂಬುದಕ್ಕೂ ಇದೇ ಸಾಕ್ಷಿ. ಮಂಡಳಿಯನ್ನು ನಡೆಸುವವರು ರೈಲ್ವೆ ಸೇವೆಗಳಿಂದ ಬಂದವರು.

ಕೇಂದ್ರದ ಹಿರಿಯ ಹುದ್ದೆಗಳಿಗೆ ರಾಜ್ಯಗಳಿಂದ ಅಧಿಕಾರಿಗಳು ಎರವಲಾಗಿ ಹೋಗುವುದು 1954ರ ಕೇಡರ್ ನಿಯಮಗಳಂತೆ. ಈ ನಿಯಮಕ್ಕೆ 2022ರ ಜನವರಿಯಲ್ಲಿ ಕೇಂದ್ರ ತಿದ್ದುಪಡಿ ಸೂಚಿಸಿದಾಗ ಹಲವು ರಾಜ್ಯಗಳು ಪ್ರತಿಭಟಿಸಿದವು. ಹೊರಗಿನ ತಜ್ಞರನ್ನು ನೇರವಾಗಿ ನೇಮಿಸಲು 45 ಹುದ್ದೆಗಳಿಗೆ 2024ರ ಆಗಸ್ಟ್‌ನಲ್ಲಿ ಹೊರಡಿಸಿದ ಜಾಹೀರಾತು, ಮೀಸಲಾತಿ ಇಲ್ಲವೆಂಬ ಟೀಕೆಯ ನಂತರ ಕೆಲವೇ ದಿನಗಳಲ್ಲಿ ವಾಪಸಾಯಿತು.

ಕಡತ ಎಲ್ಲಿದೆ ಎಂದು ತಿಳಿಯಬಯಸುವವರಿಗೆ 2005ರ ಮಾಹಿತಿ ಹಕ್ಕು ಕಾಯ್ದೆಯ ದಾರಿ ತೆರೆದಿದೆ. ಕೇಂದ್ರ ಕಚೇರಿಗಳಿಗೆ ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ ಅವಧಿ 30 ದಿನ. ಸ್ಮಾರ್ಟ್ ಸಿಟಿ ಅನುದಾನದ ಪ್ರಶ್ನೆಯನ್ನು ದೆಹಲಿಯ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯಕ್ಕೆ, ಟೆಂಡರ್ ಹಾಗೂ ಬಿಲ್ಲುಗಳ ಪ್ರಶ್ನೆಯನ್ನು ದಾವಣಗೆರೆಯ ಕಂಪನಿಗೆ, ರೈಲು ಮಾರ್ಗದ ಪ್ರಶ್ನೆಯನ್ನು ಹುಬ್ಬಳ್ಳಿಯ ನೈರುತ್ಯ ರೈಲ್ವೆ ಕಚೇರಿಗೆ ಸಲ್ಲಿಸಬೇಕು.