ಸುಳಿಗೆ ಕೈ ಹಾಕಬಾರದು

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹೆಣ್ಣುಮಕ್ಕಳಿಗೆ ತೆಂಗಿನ ವಿಷಯ ಯಾರೂ ಹೇಳಿಕೊಡಬೇಕಾಗಿಲ್ಲ. ಒಣಗಿದ ಗರಿ ಕೊಯ್ದರೆ ಮರಕ್ಕೇನೂ ಆಗದು. ಎಳನೀರು ಇಳಿಸಬಹುದು, ಕಾಯಿ ಕೆಡವಿ ಅಟ್ಟಕ್ಕೆ ಹಾಕಿ ಕೊಬ್ಬರಿ ಮಾಡಬಹುದು. ಆದರೆ ಮರಕ್ಕಿರುವುದು ಒಂದೇ ಸುಳಿ. ಅದು ಹೋದರೆ ಮರವೇ ಹೋಯಿತು. ತೋಟದ ಯಜಮಾನನೂ ಅದಕ್ಕೆ ಕೈ ಹಾಕುವಂತಿಲ್ಲ.

ಸಂವಿಧಾನದ ‘ಮೂಲ ಸ್ವರೂಪ’ ಎಂಬ ಮಾತು ಪಾಠದಲ್ಲಿ ಬಂದಾಗ ನಾನು ಮಕ್ಕಳಿಗೆ ಹೇಳುವುದು ಈ ಸುಳಿಯ ಕತೆಯನ್ನೇ. ಆ ಮಾತಿಗೆ ಕಾರಣರಾದವರು ಕಾಸರಗೋಡಿನ ಹತ್ತಿರದ ನಮ್ಮ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳು. ಸಂಗೀತ, ಯಕ್ಷಗಾನ ಎಂದರೆ ಪ್ರಾಣ ಬಿಡುತ್ತಿದ್ದವರು. ಕೇರಳದ ಭೂಸುಧಾರಣೆ ಕಾನೂನಿನಿಂದ ಮಠದ ಜಮೀನಿಗೆ ಕುತ್ತು ಬಂದಾಗ, 1970ರಲ್ಲಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. ಅವರ ಪರವಾಗಿ ನಾನಿ ಪಾಲ್ಖಿವಾಲಾ ವಾದಿಸಿದರು. 13 ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದರು. 1973ರ ಏಪ್ರಿಲ್ 24ರಂದು, 7 ಮಂದಿ ಒಂದು ಕಡೆ 6 ಮಂದಿ ಇನ್ನೊಂದು ಕಡೆಯಾಗಿ, ತೀರ್ಪು ಬಂತು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ.

“ಹಾಗಾದರೆ ಸ್ವಾಮಿಗಳಿಗೆ ಜಮೀನು ಸಿಕ್ಕಿತಾ ಮಿಸ್?” ಎಂದು ಒಬ್ಬ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಭೂಸುಧಾರಣೆ ಕಾನೂನಿಗೆ ರಕ್ಷಣೆ ಕೊಟ್ಟಿದ್ದ ತಿದ್ದುಪಡಿಯನ್ನು ಕೋರ್ಟು ಎತ್ತಿಹಿಡಿಯಿತು. ಉಳುವವನಿಗೆ ನೆಲ ಸಿಗಬೇಕೆಂಬುದೂ ನ್ಯಾಯವೇ ತಾನೆ? ಸ್ವಾಮಿಗಳು ಕೇಳಿದ್ದು ಅವರಿಗೆ ದಕ್ಕಲಿಲ್ಲ. ಕೇಳದೇ ಇದ್ದ ನಮಗೆಲ್ಲ ದೊಡ್ಡದೊಂದು ದಕ್ಕಿತು.

ಆದರೆ ತೀರ್ಪು ಬಂದ ಮಾತ್ರಕ್ಕೆ ಎಲ್ಲವೂ ನೆಟ್ಟಗಾಗಲಿಲ್ಲ. ಆ ಏಳು ಮಂದಿಯಲ್ಲಿ ನಮ್ಮ ದಕ್ಷಿಣ ಕನ್ನಡದ ಕೆ.ಎಸ್. ಹೆಗ್ಡೆಯವರೂ ಒಬ್ಬರು. ತೀರ್ಪಿನ ಬೆನ್ನಿಗೇ ಅವರನ್ನೂ ಇನ್ನಿಬ್ಬರು ಹಿರಿಯರನ್ನೂ ಬದಿಗೆ ಸರಿಸಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲಾಯಿತು. ಮೂವರೂ ರಾಜೀನಾಮೆ ಕೊಟ್ಟರು. 1975ರಲ್ಲಿ ತುರ್ತುಪರಿಸ್ಥಿತಿ ಬಂತು. ನಟಿ ಸ್ನೇಹಲತಾ ರೆಡ್ಡಿಯವರು ವಿಚಾರಣೆಯೇ ಇಲ್ಲದೆ ತಿಂಗಳುಗಟ್ಟಲೆ ಬೆಂಗಳೂರಿನ ಜೈಲಿನಲ್ಲಿ ಆಸ್ತಮಾದಿಂದ ನರಳಿದರು. ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು. ಪುಸ್ತಕದಲ್ಲಿದ್ದ ಮಿತಿ ಆ ಹೆಣ್ಣುಮಗಳನ್ನು ಕಾಯಲಿಲ್ಲ. ತಿದ್ದುವ ಅಧಿಕಾರಕ್ಕೆ ಮಿತಿಯೇ ಇಲ್ಲವೆಂದು 1976ರ 42ನೆಯ ತಿದ್ದುಪಡಿ ಸಾರಿತ್ತು. ಆ ಭಾಗವನ್ನು ಕೋರ್ಟು ರದ್ದು ಮಾಡಿದ್ದು 1980ರಲ್ಲಿ, ಬೆಂಗಳೂರಿನ ಮಿನರ್ವಾ ಮಿಲ್ಸ್ ಮೊಕದ್ದಮೆಯಲ್ಲಿ.

ಇದೆಲ್ಲ ದೆಹಲಿಯ ಮಾತು, ನಮಗೇಕೆ ಎನ್ನಬೇಡಿ. ಸಂಜೆ ಅಕ್ಕಿ ಆರಿಸುತ್ತಾ ಕೂತಾಗ ನನಗೆ ಅನ್ನಿಸುವುದುಂಟು, ಮನೆಯೂ ಒಂದು ಸರ್ಕಾರವೇ. ಕೊಬ್ಬರಿಯನ್ನು ಈ ವಾರ ಮಾರಬೇಕೋ, ಧಾರಣೆ ಏರಲೆಂದು ಕಾಯಬೇಕೋ ಯಜಮಾನರು ನಿರ್ಧರಿಸಲಿ. ಸೊಸೆ ಯಾವ ಹಬ್ಬಕ್ಕೆ ತವರಿಗೆ ಹೋಗಬೇಕೆಂದು ಅತ್ತೆಯೇ ಹೇಳಲಿ. ಆದರೆ ಮಗಳ ಓದು ನಿಲ್ಲಿಸುವ ಅಧಿಕಾರ, ಹೆಂಗಸಿನ ಮೇಲೆ ಕೈ ಎತ್ತುವ ಅಧಿಕಾರ ಯಾರಿಗೂ ಇಲ್ಲ. ಮನೆಮಂದಿಯೆಲ್ಲ ಒಪ್ಪಿದರೂ ಇಲ್ಲ. ಪ್ರೀತಿಯಿಂದ ನಡೆಯುವ ಮನೆಗೂ ಈ ಮಿತಿ ಬೇಕು, ಏಕೆಂದರೆ ಪ್ರೀತಿ ಎಲ್ಲ ದಿನವೂ ಒಂದೇ ಹದದಲ್ಲಿರುವುದಿಲ್ಲ.

ಏಳಕ್ಕೆ ಆರು. ಒಬ್ಬರೇ ಒಬ್ಬರು ಆಚೆ ಕಡೆ ಕೂತಿದ್ದರೆ ಏನಾಗುತ್ತಿತ್ತೋ! ನಿಮ್ಮ ಮನೆಯಲ್ಲಿ ಅಂಥ ಮಾತು ಎದ್ದ ದಿನ, “ಇದು ಮಾತ್ರ ಬೇಡ” ಎನ್ನುವ ಆ ಒಬ್ಬರು ನೀವೇ ಆಗಬೇಕಾದೀತು.