ಬರವಣಿಗೆಯ ಪರಿಮಳ: ಓಲೆಗರಿಯಿಂದ ಪ್ಯಾರೀಸ್ ಕಾರ್ನರಿನವರೆಗೆ

ಬರೆಯಲು ಕುಳಿತವನಿಗೆ ಲೇಖನಿ, ಕಾಗದ, ಏಕಾಂತ ಇವುಗಳಲ್ಲದೆ ಒಂದು ವಾಸನೆಯೂ ಬೇಕಾಗಬಹುದೆಂದರೆ ಅದು ಮೇಲುನೋಟಕ್ಕೆ ವಿನೋದದ ಮಾತಾಗಿ ತೋರೀತು. ಸಾಹಿತ್ಯ ಚರಿತ್ರೆಯಾದರೋ ಈ ಮಾತನ್ನು ಅಷ್ಟು ಹಗುರವಾಗಿ ಕಾಣುವುದಿಲ್ಲ. ಜರ್ಮನ್ ಮಹಾಕವಿ ಗಯಟೆಯು ತನ್ನ ಮುಪ್ಪಿನಲ್ಲಿ, 1827ರಲ್ಲಿ, ಎಕರ್‌ಮನ್ನನಿಗೆ ಹೇಳಿದ ಒಂದು ಪ್ರಸಂಗ ಪ್ರಸಿದ್ಧವಾಗಿದೆ. ಮಿತ್ರನಾದ ಷಿಲ್ಲರನ ಮನೆಗೆ ಹೋಗಿ ಅವನ ಬರೆಯುವ ಮೇಜಿನ ಬಳಿ ಕುಳಿತಿದ್ದಾಗ ಗಯಟೆಗೆ ತಲೆ ಸುತ್ತಿದಂತಾಯಿತು. ಕಾರಣವನ್ನು ಹುಡುಕಲಾಗಿ ಮೇಜಿನ ಸೆಳೆಖಾನೆಯ ತುಂಬ ಕೊಳೆತ ಸೇಬುಗಳಿದ್ದುವು. ಆ ವಾಸನೆ ಇಲ್ಲದೆ ತನ್ನ ಪತಿಯಿಂದ ಬರವಣಿಗೆಯ ಕೆಲಸ ಸಾಗದೆಂದು ಷಿಲ್ಲರನ ಪತ್ನಿ ವಿವರಿಸಿದಳು. ಲೇಖಕನ ದಿನಚರಿಯಲ್ಲಿ ಗಂಧಕ್ಕಿರುವ ಸ್ಥಾನವನ್ನು ಕುರಿತು ಮಾತನಾಡುವವರೆಲ್ಲರೂ ಇದನ್ನು ಉದಾಹರಿಸುವುದುಂಟು.

ಇಂಥ ಅಭ್ಯಾಸ ನಮ್ಮ ನಾಡಿನಲ್ಲಿ ಯಾವ ರೂಪದಲ್ಲಿತ್ತು, ಅದರ ಉದ್ದೇಶವೇನಾಗಿತ್ತು ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಆಶಯ. ಈ ವಿಚಾರವು ಕನ್ನಡ ನಾಡಿನಲ್ಲಿ ಪ್ರಾರಂಭವಾಗಿ, ಹೊರನಾಡ ಕನ್ನಡಿಗರಾದ ನಮಗೆ ಸುಪರಿಚಿತವಾದ ಚೆನ್ನೈ ನಗರದ ಪ್ಯಾರೀಸ್ ಕಾರ್ನರಿನ ಬೀದಿಗಳಿಗೆ ನಮ್ಮನ್ನು ತಂದು ನಿಲ್ಲಿಸುತ್ತದೆ.

ಪ್ರಾಚೀನ ಭಾರತದಲ್ಲಿ ಸುಗಂಧವೂ ಪುಸ್ತಕವೂ ಒಂದೇ ಕೋಣೆಯಲ್ಲಿದ್ದುವೆಂಬುದಕ್ಕೆ ಆಧಾರವನ್ನು ಬಹು ದೂರ ಹುಡುಕಬೇಕಾಗಿಲ್ಲ. ವಾತ್ಸ್ಯಾಯನನು ಕಾಮಸೂತ್ರದಲ್ಲಿ ನಾಗರಕನ ಶಯನಗೃಹವನ್ನು ವರ್ಣಿಸುವಾಗ ಅನುಲೇಪನ, ಹೂಮಾಲೆ, ಸುಗಂಧದ ಸಂಪುಟ, ಮಾದಳದ ಸಿಪ್ಪೆ, ತಾಂಬೂಲ ಇವುಗಳ ಜೊತೆಯಲ್ಲಿ ವೀಣೆ, ಚಿತ್ರಫಲಕಗಳನ್ನೂ ಯಾವುದಾದರೊಂದು ಪುಸ್ತಕವನ್ನೂ ಎಣಿಸಿದ್ದಾನೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ವಿಲೇಪನ, ಧೂಪ ಮೊದಲಾದುವು ರಾಜನ ಉಪಭೋಗಗಳ ಸಾಲಿನಲ್ಲಿ ಬರುತ್ತವೆ. ಅದಕ್ಕೂ ಒಂದು ಶತಮಾನ ಹಿಂದೆ, ಕ್ರಿ.ಶ. 1025ರ ಸುಮಾರಿನಲ್ಲಿ, ಚಾಲುಕ್ಯ ಜಯಸಿಂಹನ ಕಾಲದ ಚಾವುಂಡರಾಯನು ಕನ್ನಡದಲ್ಲಿಯೇ ಲೋಕೋಪಕಾರವೆಂಬ ಗ್ರಂಥವನ್ನು ಬರೆದನು. ವೃಕ್ಷಾಯುರ್ವೇದ, ಪಾಕಶಾಸ್ತ್ರ, ಜಲಶೋಧನೆ ಮೊದಲಾದ ವಿಷಯಗಳೊಡನೆ ಸುಗಂಧ ದ್ರವ್ಯಗಳ ತಯಾರಿಕೆಯೂ ಅದರಲ್ಲಿ ನಿರೂಪಿತವಾಗಿದೆ. ಇವೆಲ್ಲವೂ ಗಂಧವನ್ನು ಭೋಗವೆಂದು, ಸಂಸ್ಕಾರವಂತನ ಬಾಳಿಗೆ ಒಪ್ಪುವ ಅಲಂಕಾರವೆಂದು ಎಣಿಸುತ್ತವೆ. ಇಷ್ಟರಿಂದಲೇ ತೀರ್ಮಾನಕ್ಕೆ ಬರುವುದಾದರೆ ನಮ್ಮ ಲೇಖಕರೂ ಷಿಲ್ಲರನಂತೆ ಉತ್ತೇಜನಕ್ಕಾಗಿಯೇ ಗಂಧವನ್ನು ಬಳಸಿದರೆಂದು ಹೇಳಿಬಿಡಬಹುದು.

ಆದರೆ ಬರೆಯುವ ಕೈಯನ್ನು ನೋಡಿದರೆ ಬೇರೆಯೇ ಒಂದು ಸಂಗತಿ ವ್ಯಕ್ತವಾಗುತ್ತದೆ. ಕನ್ನಡದ ಗ್ರಂಥಗಳು ಶತಮಾನಗಳವರೆಗೆ ಬಾಳಿದ್ದು ಬಹುಮಟ್ಟಿಗೆ ಓಲೆಗರಿಗಳ ಮೇಲೆ. ತಾಳೆಯ ಅಥವಾ ಶ್ರೀತಾಳದ ಎಳೆಯ ಗರಿಗಳನ್ನು ಕುದಿಸಿ, ಒಣಗಿಸಿ, ಉಜ್ಜಿ ನುಣುಪು ಮಾಡಿ, ಒಂದೇ ಅಳತೆಗೆ ಕತ್ತರಿಸಿ, ಕಬ್ಬಿಣದ ಕಂಟದಿಂದ ಅಕ್ಷರಗಳನ್ನು ಕೊರೆಯುತ್ತಿದ್ದರು. ಹೀಗೆ ಕೊರೆದ ಅಕ್ಷರವು ಆ ಕ್ಷಣದಲ್ಲಿ ಕಣ್ಣಿಗೆ ಸ್ಪಷ್ಟವಾಗಿ ಕಾಣುವುದಿಲ್ಲ. ದೀಪದ ಕಾಡಿಗೆಯನ್ನು ಎಣ್ಣೆಯೊಡನೆ ಕಲಸಿ ಗರಿಯ ಮೇಲೆ ತೊಡೆದು, ಬಟ್ಟೆಯಿಂದ ಒರೆಸಿದಾಗ ಮಸಿಯು ಗೀರುಗಳಲ್ಲಿ ನಿಂತು ಬರೆಹವು ಮೂಡುತ್ತದೆ. ಈ ಕೆಲಸಕ್ಕೂ, ಅನಂತರದ ಪೋಷಣೆಗೂ ಉಪಯೋಗಿಸಿದ ಎಣ್ಣೆಗಳಲ್ಲಿ ನಿಂಬೆಹುಲ್ಲಿನ ಎಣ್ಣೆ ಮುಖ್ಯವಾದುದು. ಅದು ಗರಿಯನ್ನು ಮೆದುವಾಗಿಡುತ್ತದೆ. ಅದರ ಕಟುವಾದ ಪರಿಮಳವು ಕೀಟಗಳನ್ನು ದೂರವಿಡುತ್ತದೆ.

ಇಲ್ಲಿ ಒಂದು ಮುಖ್ಯವಾದ ವ್ಯತ್ಯಾಸವನ್ನು ಗಮನಿಸಬೇಕು. ಷಿಲ್ಲರನಿಗೆ ವಾಸನೆಯು ಬರವಣಿಗೆಯ ಪೀಠಿಕೆ. ನಮ್ಮ ಲಿಪಿಕಾರನಿಗೆ ಅದು ಬರವಣಿಗೆಯ ಸಮಾಪ್ತಿ. ಒಬ್ಬನು ಮೂಸಿ ಬರೆದನು. ಮತ್ತೊಬ್ಬನು ಬರೆದು, ಎಣ್ಣೆ ತೊಡೆದು, ಆಮೇಲೆ ಓದಿದನು. ಪರಿಮಳವು ಮೊದಲನೆಯವನ ಮನಸ್ಸಿಗೆ ಸಂಬಂಧಿಸಿದ್ದು. ಎರಡನೆಯವನಲ್ಲಿ ಅದು ಬರೆಹದ ದೇಹಕ್ಕೆ ಸಂಬಂಧಿಸಿದ್ದು.

ಓಲೆಗಳನ್ನು ಕಟ್ಟಿಟ್ಟ ಮೇಲೂ ಈ ಸಂಬಂಧವು ಮುಗಿಯುತ್ತಿರಲಿಲ್ಲ. ತಂಜಾವೂರಿನ ಸರಸ್ವತೀ ಮಹಲ್ ಗ್ರಂಥಾಲಯದಲ್ಲಿ ಬಳಕೆಯಲ್ಲಿರುವ ಸಾಂಪ್ರದಾಯಿಕ ವಿಧಾನವು ಇದಕ್ಕೆ ಒಳ್ಳೆಯ ನಿದರ್ಶನ. ಬಜೆ, ಕರಿಜೀರಿಗೆ, ಲವಂಗ, ಮೆಣಸು, ದಾಲ್ಚಿನ್ನಿ ಇವುಗಳನ್ನು ಪುಡಿಮಾಡಿ, ಕರ್ಪೂರವನ್ನು ಬೆರೆಸಿ, ಸಣ್ಣ ಬಟ್ಟೆಯ ಗಂಟುಗಳಲ್ಲಿ ಕಟ್ಟಿ ಗ್ರಂಥಗಳ ನಡುವೆ ಇಡುತ್ತಾರೆ. ಈ ದ್ರವ್ಯಗಳ ಪಟ್ಟಿಯನ್ನು ನೋಡಿದರೆ ಅರ್ಧ ಅಡುಗೆಮನೆಯದು, ಅರ್ಧ ಔಷಧಶಾಲೆಯದು ಎನಿಸುತ್ತದೆ. ಇವುಗಳಲ್ಲೆಲ್ಲ ಸಮಾನವಾದ ಗುಣವೆಂದರೆ ಆವಿಯಾಗಿ ಹರಡುವ ತೀಕ್ಷ್ಣ ವಾಸನೆ. ಕರ್ಪೂರವಂತೂ ದ್ರವವಾಗದೆಯೇ ನೇರವಾಗಿ ಆವಿಯಾಗಿ ಸವೆದುಹೋಗುವ ವಸ್ತುವೆಂಬುದು ಎಲ್ಲರೂ ಬಲ್ಲ ಸಂಗತಿ.

ಈ ಸವೆತವೇ ಅತ್ಯಂತ ಸ್ವಾರಸ್ಯವಾದ ಅಂಶ. ಸುಗಂಧವು ಕ್ರಮೇಣ ಕುಂದುತ್ತದೆ. ಕುಂದಿದಾಗ ಅದರ ರಕ್ಷಣೆಯೂ ಕುಂದಿತೆಂದು ತಿಳಿಯಬೇಕು. ಗಂಟನ್ನು ಬದಲಾಯಿಸುವ ಕಾಲ ಬಂದಿತೆಂಬುದನ್ನು ಮೂಗೇ ಹೇಳುತ್ತದೆ. ಅಂದರೆ ಓಲೆಯ ಪೆಟ್ಟಿಗೆಯಲ್ಲಿ ಪರಿಮಳವು ಒಂದು ಬಗೆಯ ಗಡಿಯಾರವಾಗಿತ್ತು. ಪೆಟ್ಟಿಗೆಯನ್ನು ತೆರೆದಾಗ ಘಮಘಮಿಸಿದರೆ ಯಾರೋ ಇತ್ತೀಚೆಗೆ ಅದನ್ನು ತೆರೆದಿದ್ದಾರೆಂದು ಅರ್ಥ. ಮುಗ್ಗಲು ವಾಸನೆ ಬಂದರೆ ಬಹುಕಾಲದಿಂದ ಯಾರೂ ಮುಟ್ಟಿಲ್ಲವೆಂದು ಅರ್ಥ. ಒಂದು ಮನೆತನದ ವಿದ್ಯೆಯು ಜೀವಂತವಾಗಿದೆಯೇ ಎಂಬುದನ್ನು ಮೂಸಿ ಹೇಳಬಹುದಾಗಿತ್ತು.

ಈ ಮಾತು ಕೇವಲ ಆಲಂಕಾರಿಕವಲ್ಲವೆಂಬುದಕ್ಕೆ ಚೀನಾ ದೇಶದ ಭಾಷೆಯೇ ಸಾಕ್ಷಿ. ಹುಳುಗಳಿಂದ ಪುಸ್ತಕಗಳನ್ನು ಕಾಪಾಡಲು ಅಲ್ಲಿನ ವಿದ್ವಾಂಸರು ಒಂದು ಸುವಾಸನೆಯ ಮೂಲಿಕೆಯನ್ನು ಹಾಳೆಗಳ ನಡುವೆ ಇಡುತ್ತಿದ್ದರು. ಆ ವಾಸನೆಗೆ ‘ಪುಸ್ತಕದ ಪರಿಮಳ’ ಎಂಬ ಅರ್ಥದ ‘ಷೂಷ್ಯಾಂಗ್’ ಎಂಬ ಹೆಸರು ಬಂದಿತು. ಕಾಲಕ್ರಮದಲ್ಲಿ ‘ಪುಸ್ತಕದ ಪರಿಮಳವಿರುವ ಮನೆ’ ಎಂದರೆ ವಿದ್ಯಾವಂತರ ಮನೆತನವೆಂದೇ ಅರ್ಥವಾಯಿತು. ಹುಳುವನ್ನು ಓಡಿಸುವ ಸೊಪ್ಪು ಪಾಂಡಿತ್ಯಕ್ಕೆ ಪರ್ಯಾಯಪದವಾದುದು ಆಕಸ್ಮಿಕವಲ್ಲ. ಓದುವವನೇ ಕಾಯುವವನೂ ಆಗಿದ್ದ ಕಾಲದ ಗುರುತು ಅದು.

ನಮ್ಮಲ್ಲಿ ಈ ದಿನಚರಿಯು ಹಬ್ಬಗಳೊಡನೆ ಬೆರೆಯಿತು. ನವರಾತ್ರಿಯ ಸರಸ್ವತೀ ಪೂಜೆಯಲ್ಲಿ ಗ್ರಂಥಗಳನ್ನು ಹೊರತೆಗೆದು, ಧೂಳು ಕೊಡವಿ, ಗಂಧ ಪುಷ್ಪ ಧೂಪಗಳಿಂದ ಅರ್ಚಿಸುವುದು ವಾಡಿಕೆ. ಕರಾವಳಿಯಲ್ಲಿ ಈ ಹಬ್ಬವು ದೀರ್ಘವಾದ ಮಳೆಗಾಲದ ಬೆನ್ನಿಗೇ ಬರುವುದನ್ನು ನೋಡಿದರೆ, ತೇವವನ್ನು ಕುಡಿದ ಓಲೆಗಳಿಗೆ ಅದು ಎಷ್ಟು ಸಕಾಲಿಕವಾಗಿತ್ತೆಂಬುದು ಅರಿವಾಗುತ್ತದೆ. ಜೈನರಲ್ಲಿ ಜ್ಯೇಷ್ಠ ಶುದ್ಧ ಪಂಚಮಿಯನ್ನು ಶ್ರುತಪಂಚಮಿಯೆಂದು ಆಚರಿಸುತ್ತಾರೆ. ಪುಷ್ಪದಂತ ಭೂತಬಲಿಗಳು ಷಟ್ಖಂಡಾಗಮವನ್ನು ಬರೆದು ಮುಗಿಸಿದುದರ ಸ್ಮರಣಾರ್ಥವಾದ ಆ ದಿನ ಶಾಸ್ತ್ರಗ್ರಂಥಗಳನ್ನು ಶುಚಿಗೊಳಿಸಿ ಪೂಜಿಸುವುದು ವಿಧಿ.

ಆದರೆ ಪೂಜೆಯ ಧೂಪವೊಂದೇ ಗ್ರಂಥವನ್ನು ಉಳಿಸಲಾರದು. ಇದಕ್ಕೆ ಮೂಡಬಿದರೆಯ ಸಿದ್ಧಾಂತ ಬಸದಿಯ ಕಥೆಗಿಂತ ಪ್ರಬಲವಾದ ಪ್ರಮಾಣ ಬೇಕಿಲ್ಲ. ವೀರಸೇನಾಚಾರ್ಯರು ಕ್ರಿ.ಶ. 816ರಲ್ಲಿ ಪೂರ್ಣಗೊಳಿಸಿದ ಧವಲಾ ಟೀಕೆಯೂ ಅದರ ಸಹಗ್ರಂಥಗಳೂ ಹಳಗನ್ನಡ ಲಿಪಿಯ ಓಲೆಗಳಲ್ಲಿ ಅಲ್ಲಿ ಸುರಕ್ಷಿತವಾಗಿದ್ದುವು. ಭಕ್ತರು ಅವುಗಳ ದರ್ಶನ ಪಡೆಯುತ್ತಿದ್ದರು. ಓದುವವರು ಮಾತ್ರ ವಿರಳ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕಾರ್ಯವು ಆರಂಭವಾಗಿ, 1939ರಲ್ಲಿ ಹೀರಾಲಾಲ್ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟವು ಅಚ್ಚಾಗುವ ವೇಳೆಗೆ, ಮಹಾಬಂಧದ ಓಲೆಗಳಲ್ಲಿ ಕೆಲವು ನಷ್ಟವಾಗಿಹೋಗಿದ್ದುವು. ಭಕ್ತಿಯು ಗ್ರಂಥವನ್ನು ಇಷ್ಟು ಕಾಲ ಉಳಿಸಿತೆಂಬುದು ನಿಜ. ಓದುವ ಕೈ ಸೋಕದಿದ್ದರೆ ಭಕ್ತಿಗೂ ಒಂದು ಮೇರೆಯುಂಟೆಂಬುದೂ ಅಷ್ಟೇ ನಿಜ.

ಈಗ ಪ್ಯಾರೀಸ್ ಕಾರ್ನರಿಗೆ ಬರೋಣ. 1788ರಲ್ಲಿ ಮದರಾಸಿಗೆ ಬಂದ ವೇಲ್ಸ್ ದೇಶದ ವರ್ತಕ ಥಾಮಸ್ ಪ್ಯಾರಿಯ ಹೆಸರನ್ನು ಹೊತ್ತ ಈ ಮೂಲೆಯು ಹೈಕೋರ್ಟಿನ ಕೆಂಪು ಗೋಪುರಗಳಿಗೂ ಬಂದರಿಗೂ ಸಮೀಪವಾದ ವಾಣಿಜ್ಯ ಕೇಂದ್ರ. ಇದರ ಹಿಂದಿನ ಜಾರ್ಜ್ ಟೌನಿನ ಆಂಡರ್ಸನ್ ಬೀದಿಯು ಕಾಗದಕ್ಕೂ ಮದುವೆಯ ಕರೆಯೋಲೆಗಳಿಗೂ ಹೆಸರಾದುದು. ಸುಭಾಷ್‌ಚಂದ್ರ ಬೋಸ್ ರಸ್ತೆಯನ್ನು ಹಿಡಿದು ಪಶ್ಚಿಮಕ್ಕೆ ಸಾಗಿದರೆ ಪೂಕಡೈ ಸಿಕ್ಕುತ್ತದೆ. ಸಗಟು ಹೂವಿನ ವ್ಯಾಪಾರಕ್ಕೆ 1996ರಲ್ಲಿ ಕೋಯಂಬೇಡಿನಲ್ಲಿ ಹೊಸ ಮಾರುಕಟ್ಟೆಯಾದರೂ ಆ ಹೆಸರು ಅಲ್ಲಿಯೇ ನಿಂತಿದೆ. ಅದರಾಚೆ ಪಾರ್ಕ್ ಟೌನಿನ ರಾಸಪ್ಪ ಚೆಟ್ಟಿ ಬೀದಿಯು ನಾಟಿ ಔಷಧಿಯ ಅಂಗಡಿಗಳಿಗೆ ಪ್ರಸಿದ್ಧವಾದುದು. ಬಜೆ, ಕರಿಜೀರಿಗೆ, ಲವಂಗ ಮುಂತಾಗಿ ಮೇಲೆ ಹೇಳಿದ ಗಂಟಿಗೆ ಬೇಕಾದ ಸರಕು ಇಂಥ ಬೀದಿಗಳದೇ. ಕಾಗದದ ಬೀದಿಗೂ ಪರಿಮಳದ ಬೀದಿಗೂ ನಡೆದು ಮುಗಿಸಬಹುದಾದಷ್ಟೇ ದೂರ. ಓಲೆಯ ಕಾಲದಲ್ಲಿ ಒಂದೇ ಕೈಯಲ್ಲಿದ್ದ ಎರಡು ಕೆಲಸಗಳು ಇಲ್ಲಿ ಎರಡು ವ್ಯಾಪಾರಗಳಾಗಿ ಅಗಲಿವೆ. ಒಂದು ಸಣ್ಣ ಕೊಂಡಿ ಮಾತ್ರ ಉಳಿದಿದೆ: ಮದುವೆಯ ಕರೆಯೋಲೆಯ ನಾಲ್ಕು ಮೂಲೆಗಳಿಗೆ ಇಂದಿಗೂ ಅರಿಸಿನವನ್ನು ಹಚ್ಚುತ್ತಾರೆ. ಮಂಗಳದ ಚಿಹ್ನೆಯೆಂದು ಹಚ್ಚುವ ಆ ಅರಿಸಿನವು ಕೀಟನಾಶಕವೂ ಹೌದು. ಕಾಗದವಾದರೂ ಅದನ್ನು ಓಲೆಯೆಂದೇ ಕರೆಯುತ್ತೇವೆಂಬುದನ್ನು ವಾಚಕರು ಗಮನಿಸಬೇಕು.

ಈ ನಗರಕ್ಕೂ ಕನ್ನಡದ ಓಲೆಗಳಿಗೂ ಇರುವ ನಂಟು ಹಳೆಯದು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಅನಂತರ ಮೈಸೂರು ಸೀಮೆಯ ಮೋಜಣಿಗೆ ನಿಯುಕ್ತನಾದ ಕಾಲಿನ್ ಮೆಕೆಂಜಿಯು ದೇಶೀಯ ಪಂಡಿತರ ನೆರವಿನಿಂದ ಅಸಂಖ್ಯಾತ ಕಡತ, ಕೈಫಿಯತ್ತು, ಓಲೆಗಳನ್ನು ಸಂಗ್ರಹಿಸಿದನು. 1821ರಲ್ಲಿ ಅವನು ಮೃತನಾದ ಬಳಿಕ ಆ ಸಂಗ್ರಹದಲ್ಲಿನ ದಕ್ಷಿಣ ಭಾಷೆಗಳ ಗ್ರಂಥಗಳು ಕಲಕತ್ತೆಯಿಂದ ಮದರಾಸಿಗೆ ಮರಳಿದುವು. ಮುಂದೆ ಅವು ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರದ ಮೂಲಧನವಾದುವು. ಮೇಲೆ ಹೆಸರಿಸಿದ ಲೋಕೋಪಕಾರವು ಎಚ್. ಶೇಷ ಅಯ್ಯಂಗಾರ್ ಅವರ ಸಂಪಾದಕತ್ವದಲ್ಲಿ 1950ರಲ್ಲಿ ಅಚ್ಚಾದುದು ಆ ಭಂಡಾರದ ಮೂಲಕವೇ. ಸುಗಂಧವನ್ನು ಬೋಧಿಸಿದ ಒಂದು ಕನ್ನಡ ಗ್ರಂಥವು ಒಂಬತ್ತು ಶತಮಾನಗಳ ಮೇಲೆ ಈ ನಗರದಲ್ಲಿ ಮುದ್ರಣವನ್ನು ಕಂಡಿತು. ಅದು ಅಷ್ಟು ಕಾಲ ಬಾಳಿದ್ದು, ತಲೆಮಾರಿನಿಂದ ತಲೆಮಾರಿಗೆ ಯಾರೋ ಪ್ರತಿ ಮಾಡಿದ್ದರಿಂದ, ಯಾರೋ ಎಣ್ಣೆ ತೊಡೆದದ್ದರಿಂದ. ಆ ಲಿಪಿಕಾರರ ಹೆಸರುಗಳು ಬಹುಮಟ್ಟಿಗೆ ಅಜ್ಞಾತ. ಅವರ ದಿನಚರಿಯ ಫಲವು ನಮ್ಮ ಕೈಯಲ್ಲಿದೆ.

ಹಾಗಾದರೆ ಇಂದಿನ ಲೇಖಕನು ಮೇಜಿನ ಮೇಲೆ ಊದುಬತ್ತಿಯನ್ನು ಹಚ್ಚಿಕೊಳ್ಳುವುದು ವ್ಯರ್ಥವೇ? ಹಾಗೆನ್ನಲಾಗದು. ಮಿಕ್ಕ ಇಂದ್ರಿಯಗಳಿಗಿಂತ ಘ್ರಾಣವು ಸ್ಮೃತಿಗೂ ಭಾವಕ್ಕೂ ಸಂಬಂಧಿಸಿದ ಮೆದುಳಿನ ಭಾಗಗಳನ್ನು ಹೆಚ್ಚು ನೇರವಾಗಿ ಮುಟ್ಟುತ್ತದೆಂದು ಆಧುನಿಕ ಶರೀರವಿಜ್ಞಾನವು ತಿಳಿಸುತ್ತದೆ. ನಿತ್ಯವೂ ಒಂದೇ ಪರಿಮಳದಲ್ಲಿ ಬರೆಯುವವನಿಗೆ ಆ ಪರಿಮಳವೇ ಕೆಲಸದ ಕರೆಯಾಗುವುದು ಸಹಜ. ಪರಸ್ಥಳದಲ್ಲಿರುವವನಿಗೆ ಮೈಸೂರಿನ ಊದುಬತ್ತಿಯ ಹೊಗೆಯು ನುಡಿಯ ಬಾಗಿಲನ್ನು ತೆರೆಯುವುದೂ ಉಂಟು. ಆದರೆ ಅದು ಬರೆಯುವವನ ಸುಖ. ಬರೆದದ್ದರ ಕ್ಷೇಮಕ್ಕೆ ಅದು ನೆರವಾಗುವುದಿಲ್ಲ. ಹೊಗೆಯ ಕಣಗಳು ಕಾಗದಕ್ಕೂ ಓಲೆಗೂ ಅಪಕಾರಿಗಳೆಂದೇ ಸಂರಕ್ಷಣಾ ತಜ್ಞರ ಮತ. ನಮ್ಮ ಹಿರಿಯರು ಎರಡನ್ನೂ ಬಲ್ಲವರಾಗಿದ್ದರು. ನಾವು ಮೊದಲನೆಯದನ್ನು ಉಳಿಸಿಕೊಂಡು ಎರಡನೆಯದನ್ನು ಮರೆತಿದ್ದೇವೆ.

ಈ ಮರೆವಿಗೆ ಬೆಲೆ ತೆರುವವರಲ್ಲಿ ಹೊರನಾಡ ಕನ್ನಡಿಗರೂ ಸೇರಿದ್ದಾರೆ. ಊರು ಬಿಟ್ಟು ಬರುವಾಗ ಹಿರಿಯರು ತಂದ ಪೆಟ್ಟಿಗೆಗಳಲ್ಲಿ ಪಾತ್ರೆ ಪದಾರ್ಥಗಳೊಡನೆ ಒಂದೆರಡು ಓಲೆಯ ಕಟ್ಟುಗಳೂ ಬಂದಿರುವುದು ಅಸಂಭವವಲ್ಲ. ಓದಲು ಬಾರದ ಮೊಮ್ಮಕ್ಕಳಿಗೆ ಅವು ಪೂಜಾವಸ್ತುಗಳು, ಕೆಲವೆಡೆ ಹೊರೆ. ಅಂಥ ಕಟ್ಟುಗಳಿದ್ದವರು ಮಾಡಬೇಕಾದುದು ಹೆಚ್ಚಿಲ್ಲ. ಮೊದಲು ಅದನ್ನು ಬಲ್ಲವರಿಗೆ ತೋರಿಸಿ, ಹೆಸರನ್ನು ಗುರುತಿಸಿ, ಛಾಯಾಚಿತ್ರ ತೆಗೆಸಬೇಕು. ಎಣ್ಣೆಯನ್ನು ತಾವಾಗಿಯೇ ಹಚ್ಚಲು ಹೋಗಬಾರದು. ಮಿತಿಮೀರಿದರೆ ಧೂಳು ಅಂಟುತ್ತದೆ, ಬಣ್ಣದ ಚಿತ್ರಗಳಿದ್ದರೆ ಕೆಡುತ್ತವೆ. ಬಟ್ಟೆಯ ಗಂಟನ್ನು ಇಡಲು ಮಾತ್ರ ಯಾರ ಅಪ್ಪಣೆಯೂ ಬೇಕಾಗಿಲ್ಲ. ಅದು ಗರಿಯನ್ನು ನೇರವಾಗಿ ಸೋಕದಂತೆ ಪೆಟ್ಟಿಗೆಯ ಮೂಲೆಯಲ್ಲಿರಲಿ. ವಾಸನೆಯು ಆರಿದಾಗ ಬದಲಾಯಿಸಿದರಾಯಿತು. ಹಾಗೆ ಬದಲಾಯಿಸುವ ಪ್ರತಿಯೊಂದು ಸಲವೂ ಪೆಟ್ಟಿಗೆಯು ತೆರೆಯುತ್ತದೆ, ಒಂದು ಗರಿಯಾದರೂ ಕಣ್ಣಿಗೆ ಬೀಳುತ್ತದೆ.

ಬರೆಯುವವನ ದಿನಚರಿಗೆ ಪರಿಮಳವನ್ನು ಸೇರಿಸಬೇಕೆಂದಿರುವವರಿಗೆ ನಮ್ಮ ಪರಂಪರೆಯು ಸೂಚಿಸುವ ಕ್ರಮ ಇದು. ತನ್ನ ಮೇಜಿನ ಧೂಪಕ್ಕೆ ಮೊದಲು ತನಗಿಂತ ಹಿಂದೆ ಬರೆದವರ ಪೆಟ್ಟಿಗೆಯ ಕರ್ಪೂರವನ್ನು ನೋಡಬೇಕು.