ಮಲಪ್ರಭೆಯ ದಂಡೆಯಲ್ಲಿ ದತ್ತಿ ಮತ್ತು ದಾಖಲೆ

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ಪ್ರದೇಶದ ಇತಿಹಾಸವನ್ನು ವಿದ್ವಾಂಸರು ಬಹುಮಟ್ಟಿಗೆ ಎರಡು ಪ್ರತ್ಯೇಕ ಅಧ್ಯಾಯಗಳಾಗಿ ನೋಡಿದ್ದಾರೆ. ಒಂದು, ಸುಗಂಧವರ್ತಿಯ ರಟ್ಟರ ಕಾಲ. ಇನ್ನೊಂದು, ಕಿತ್ತೂರಿನ ದೇಸಾಯರ ಕಾಲ. ಮೊದಲನೆಯದು ಶಾಸನತಜ್ಞರ ಪಾಲಿಗೂ ಎರಡನೆಯದು ಸ್ವಾತಂತ್ರ್ಯ ಚಳವಳಿಯ ಚರಿತ್ರಕಾರರ ಪಾಲಿಗೂ ಹೋಗಿರುವುದರಿಂದ ಇವೆರಡನ್ನೂ ಕೂಡಿಸುವ ಎಳೆಯೊಂದು ಕಣ್ಮರೆಯಾಗಿದೆ. ಭೂಮಿಯ ಹಕ್ಕು ಬರವಣಿಗೆಯನ್ನು ನೆಚ್ಚಿ ಬದುಕಿದ ಬಗೆಯೇ ಆ ಎಳೆ. ಹಸ್ತಪ್ರತಿಗಳನ್ನೂ ಶಾಸನಗಳನ್ನೂ ಅಭ್ಯಸಿಸುವ ನಮಗೆ ಇದು ಹೊರಗಿನ ವಿಷಯವಲ್ಲ.

ಮೊದಲು ನೆಲದ ಸ್ವರೂಪವನ್ನು ಗಮನಿಸಬೇಕು. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಖಾನಾಪುರದ ಕಾಡುಗಳನ್ನು ದಾಟಿ ಪೂರ್ವಾಭಿಮುಖವಾಗಿ ಹರಿಯುತ್ತದೆ. ಕಿತ್ತೂರು ಮಲೆನಾಡಿನ ಸೆರಗಿನಲ್ಲಿದೆ. ಬೈಲಹೊಂಗಲದಿಂದ ಮುಂದಕ್ಕೆ ಎರೆಯ ಬಯಲು. ಸವದತ್ತಿಯ ಬಳಿ ನವಿಲುತೀರ್ಥದಲ್ಲಿ ನದಿಯು ಗುಡ್ಡಸಾಲನ್ನು ಸೀಳಿಕೊಂಡು ಹೋಗುತ್ತದೆ. ರಾಮದುರ್ಗದ ಕಡೆ ಮಳೆ ಕಡಿಮೆಯಾಗುತ್ತ ಹೋಗುತ್ತದೆ. ಕೆಲವೇ ಹರದಾರಿಗಳಲ್ಲಿ ಭತ್ತದ ಗದ್ದೆಯಿಂದ ಜೋಳದ ಹೊಲಕ್ಕೆ ಬರುವ ಈ ನಾಡು ಘಟ್ಟದ ದಾರಿಗಳಿಗೂ ಒಳನಾಡಿಗೂ ನಡುವೆ ಇರುವುದರಿಂದ ಯಾವ ದೊರೆಯೂ ಇದನ್ನು ಸುಮ್ಮನೆ ಬಿಟ್ಟಿಲ್ಲ. ಸುಗಂಧವರ್ತಿಯ ರಟ್ಟರು ಕೂಂಡಿ ಮೂರು ಸಾಸಿರವನ್ನಾಳುತ್ತಿದ್ದಾಗ ಕಿತ್ತೂರಿನ ಸಮೀಪದ ದೇಗಾಂವಿಯಲ್ಲಿ ಗೋವೆಯ ಕದಂಬ ಪೆರ್ಮಾಡಿಯ ರಾಣಿ ಕಮಲಾದೇವಿ ಕಮಲನಾರಾಯಣ ದೇಗುಲವನ್ನು ಕಟ್ಟಿಸಿದಳು. ಅಲ್ಲಿಯ 1174ರ ಶಾಸನ ಇನ್ನೊಂದು ರಾಜ್ಯದ ದಾಖಲೆ. ಇದು ಗಡಿನಾಡು, ಗಡಿನಾಡಿನಲ್ಲಿ ಒಡೆಯರು ಬದಲಾಗುತ್ತಾರೆ. ಒಡೆಯನು ಬದಲಾದಾಗಲೆಲ್ಲ ಹಳೆಯ ದತ್ತಿಯನ್ನು ಹೊಸದಾಗಿ ಸ್ಥಾಪಿಸಿಕೊಳ್ಳಬೇಕಾಗುತ್ತದೆ.

ಇದಕ್ಕೆ ಹಿಂದಿನ ಸಂಪಗಾಂವಿ ತಾಲೂಕಿನ ಕಲಭಾವಿಯ ಜೈನಶಾಸನಕ್ಕಿಂತ ಉತ್ತಮ ಉದಾಹರಣೆ ಸಿಗಲಾರದು. ಗಂಗ ಶಿವಮಾರನು ಕುಮ್ಮುದವಾಡದಲ್ಲಿ ಜಿನಾಲಯವನ್ನು ಕಟ್ಟಿಸಿ, ಮೈಲಾಪಾನ್ವಯದ ಕಾರೇಯ ಗಣದ ಗುರುಗಳಿಗೆ ಗ್ರಾಮವನ್ನು ಬಿಟ್ಟನೆಂದು ಅದು ಹೇಳುತ್ತದೆ. ಕೊಟ್ಟಿರುವ ತಿಥಿ ಶಕ 261, ಎಂದರೆ ಕ್ರಿ.ಶ. 339. ಶಾಸನವೇ ಹೆಸರಿಸುವ ಅಮೋಘವರ್ಷನ ಕಾಲಕ್ಕೆ ಇದು ಎಷ್ಟು ಮಾತ್ರಕ್ಕೂ ಹೊಂದದು. ಲಿಪಿಯಂತೂ 11ನೆಯ ಶತಮಾನದ್ದು. ಆದುದರಿಂದ ಜೆ. ಎಫ್. ಫ್ಲೀಟರು ಇದನ್ನು ಕೃತಕವೆಂದು ತಳ್ಳಿಹಾಕಿದರು. ತಿಥಿಯ ಮಟ್ಟಿಗೆ ಅವರ ತೀರ್ಮಾನ ಅಖಂಡನೀಯವೇ ಸರಿ. ಆದರೆ ಅದೇ ಕಲ್ಲಿನ ಮುಂದಿನ ಭಾಗದಲ್ಲಿ ಗಂಗವಂಶದ ಕಂಚರಸನೆಂಬ ಮಹಾಮಂಡಲೇಶ್ವರನು ಆ ದತ್ತಿಯನ್ನು ಪುನಃ ಊರ್ಜಿತಗೊಳಿಸಿದ ಸಂಗತಿಯಿದೆ. ಬಸದಿಯವರು ಏತಕ್ಕಾಗಿ ಹಳೆಯ ಕಥನವನ್ನು ಬರೆಸಿದರೆಂಬುದಕ್ಕೆ ಉತ್ತರ ಅಲ್ಲಿಯೇ ಇದೆ. ಹೊಸ ಒಡೆಯನ ಮುಂದೆ ಹಳೆಯ ಹಕ್ಕನ್ನು ಸಾಧಿಸಲು ಬರಹ ಬೇಕಾಗಿತ್ತು.

ಸವದತ್ತಿಯ ಪ್ರಸಿದ್ಧ ಶಾಸನದಲ್ಲಿಯೂ ಇದೇ ಸ್ಥಿತಿ. ಅದೇ ಕಾರೇಯ ಗಣದ ಇಂದ್ರಕೀರ್ತಿಸ್ವಾಮಿಯ ಶಿಷ್ಯನಾದ ಪೃಥ್ವೀರಾಮನು ಶಕ 797ರಲ್ಲಿ (ಕ್ರಿ.ಶ. 875) ಕೃಷ್ಣರಾಜನ ಆಳಿಕೆಯಲ್ಲಿ ಜಿನಾಲಯವನ್ನು ಕಟ್ಟಿಸಿ ಭೂಮಿಯನ್ನು ಬಿಟ್ಟನೆಂದು ಹೇಳುವ ಕಲ್ಲಿನಲ್ಲಿಯೇ ಎರಡು ಶತಮಾನಗಳ ಅನಂತರದ, ಆರನೆಯ ವಿಕ್ರಮಾದಿತ್ಯನ ಕಾಲದ ಮಾತೂ ಸೇರಿದೆ. 875ರಲ್ಲಿ ಪಟ್ಟದಲ್ಲಿದ್ದವನು ಅಮೋಘವರ್ಷನಾದುದರಿಂದ ವಿದ್ವಾಂಸರಲ್ಲಿ ಚರ್ಚೆ ನಡೆದಿದೆ. ರಾಷ್ಟ್ರಕೂಟರು ಹೋಗಿ ಚಾಲುಕ್ಯರು ಬಂದ ಮೇಲೆ ಮೂಲದತ್ತಿಯನ್ನು ಪ್ರತಿಮಾಡಿ ಕೆತ್ತಿಸುವಾಗ ಇಂಥ ತೊಡಕುಗಳು ಸಹಜ. ಓಲೆಗರಿಯ ಪ್ರತಿಕಾರನ ಸ್ಖಾಲಿತ್ಯಗಳನ್ನು ಬಲ್ಲವರಿಗೆ ಇದು ಆಶ್ಚರ್ಯವೆನಿಸದು. ಕಲ್ಲನ್ನೂ ನಾವು ಒಂದು ಪ್ರತಿಯೆಂದೇ ಓದಬೇಕು.

ಬಸದಿಯ ಜೀವನಾಧಾರ ಮೊದಲು ಹೊಲವಾಗಿತ್ತು. 980ರಲ್ಲಿ ಶಾಂತಿವರ್ಮನು ಸುಗಂಧವರ್ತಿಯ ತನ್ನ ಜಿನಾಲಯಕ್ಕೆ 150 ಮತ್ತರು ಭೂಮಿಯನ್ನು ಬಿಟ್ಟನು. ಆತನ ತಾಯಿ ನಿಜಿಯಬ್ಬೆಯೂ ಅಷ್ಟೇ ಭೂಮಿಯನ್ನು ಬಿಟ್ಟಳು. ಹೂಲಿಯ 1044ರ ಶಾಸನದಲ್ಲಿ ಯಾಪನೀಯ ಸಂಘದ ಬಾಲಚಂದ್ರ ಭಟ್ಟಾರಕರಿಗೆ ದತ್ತಿಯಿತ್ತವಳು ಲಚ್ಛಿಯಬ್ಬರಸಿ. ಮನೆತನದ ಸ್ತ್ರೀಯರಿಗೆ ಸ್ವಂತ ಹೆಸರಿನಲ್ಲಿ ಭೂಮಿಯನ್ನು ಕೊಡುವ ಅಧಿಕಾರವಿದ್ದುದು ಇವುಗಳಿಂದ ಸ್ಪಷ್ಟ. ಆದರೆ ಆ ಮುನ್ನೂರು ಮತ್ತರನ್ನು ಉತ್ತವರಾರು? ಕೊಟ್ಟವರ ವಂಶಾವಳಿ, ಪಡೆದವರ ಗುರುಪರಂಪರೆ, ಎಲ್ಲೆಯ ಗುರುತುಗಳು, ಅಳಿದವರಿಗೆ ತಟ್ಟುವ ಪಾಪ ಇವೆಲ್ಲವನ್ನೂ ವಿಸ್ತಾರವಾಗಿ ಹೇಳುವ ದತ್ತಿಶಾಸನಗಳು ಉಳುವವನ ಹೆಸರನ್ನು ಸಾಮಾನ್ಯವಾಗಿ ಹೇಳುವುದಿಲ್ಲ. ನಮ್ಮ ಧರ್ಮಸಂಸ್ಥೆಗಳ ವೈಭವವನ್ನು ವರ್ಣಿಸುವಾಗ ಈ ಮೌನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಆ ವರ್ಣನೆ ಅರ್ಧಸತ್ಯವಾಗುತ್ತದೆ.

ರಟ್ಟರ ರಾಜಧಾನಿ ವೇಣುಗ್ರಾಮಕ್ಕೆ, ಎಂದರೆ ಬೆಳಗಾವಿಗೆ, ಸರಿದಮೇಲೆ ಹೊಲದ ಜೊತೆಗೆ ಸುಂಕವೂ ಸೇರಿತು. ನಾಲ್ಕನೆಯ ಕಾರ್ತವೀರ್ಯನ ಮಂತ್ರಿ ಬೀಚಣನು ಕಟ್ಟಿಸಿದ ರಟ್ಟಜಿನಾಲಯದ 1204ರ ಶಾಸನದಲ್ಲಿ ಕೂಂಡಿನಾಡಿನ ಮುಮ್ಮುರಿದಂಡದವರೊಡನೆ ಲಾಳ ಮತ್ತು ಮಲೆಯಾಳ ವರ್ತಕರೂ ಕೂಡಿ, ಭತ್ತ, ಮೆಣಸು, ಅಡಕೆ, ವೀಳ್ಯದೆಲೆ ಮೊದಲಾದ ಸರಕುಗಳ ಮೇಲೆ ಬಸದಿಗೆ ಸಲ್ಲಬೇಕಾದ ಆಯವನ್ನು ಗೊತ್ತುಪಡಿಸಿದ್ದಾರೆ. ಗುಜರಾತಿನ ಕಡೆಯಿಂದ ಕೇರಳದವರೆಗಿನ ವರ್ತಕರು ಒಂದೇ ಪೇಟೆಯಲ್ಲಿ ಸೇರಿ ಒಂದು ಬಸದಿಯ ಪೂಜೆಗೆ ತಮ್ಮ ಹೇರಿನಿಂದ ಪಾಲು ಕೊಟ್ಟರೆಂಬುದು ಸಾಮಾನ್ಯ ಮಾತಲ್ಲ. ಈ ಶಿಲಾಶಾಸನಗಳು ಇಂದು ಬೆಳಗಾವಿಯಲ್ಲಿಲ್ಲ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ.

ಹೊಲವಾಗಲಿ ಸುಂಕವಾಗಲಿ, ಎರಡಕ್ಕೂ ರಾಜರಕ್ಷಣೆಯೇ ಆಧಾರ. 1228ರ ಸವದತ್ತಿ ಶಾಸನದಲ್ಲಿ ಇಮ್ಮಡಿ ಲಕ್ಷ್ಮೀದೇವನ ರಾಜಗುರುವಾದ ಮುನಿಚಂದ್ರನು ರಾಜ್ಯಕಾರ್ಯದಲ್ಲಿಯೂ ಯುದ್ಧದಲ್ಲಿಯೂ ನಿಪುಣನಾಗಿ ಕಾಣಿಸಿಕೊಳ್ಳುತ್ತಾನೆ. ರಟ್ಟರಾಜ್ಯಪ್ರತಿಷ್ಠಾಚಾರ್ಯನೆಂಬ ಬಿರುದೂ ಅವನಿಗುಂಟು. ಅದೇ ಶಾಸನದ ಮುಖ್ಯ ವಿಷಯವಾದರೋ ಕೇಶಿರಾಜನು ಕಟ್ಟಿಸಿದ ಮಲ್ಲಿಕಾರ್ಜುನ ದೇವಾಲಯ. ಒಂದೇ ಆಸ್ಥಾನದಲ್ಲಿ ಜೈನ ಶೈವಗಳೆರಡೂ ಪೋಷಣೆ ಪಡೆಯುತ್ತಿದ್ದವು. ಅನಂತರ ಸೇವುಣ ಸಿಂಘಣನ ದಂಡನಾಯಕ ಬೀಚಣನು ರಟ್ಟರನ್ನು ಗೆದ್ದ ಸಂಗತಿಯನ್ನು 1238ರ ಹರಳಹಳ್ಳಿ ಶಾಸನ ತಿಳಿಸುತ್ತದೆ. ಇಲ್ಲಿಯ ಬಸದಿಗಳ ಅವನತಿಗೆ ಮತದ್ವೇಷವೊಂದನ್ನೇ ಕಾರಣವಾಗಿ ಹೇಳುವ ವಾಡಿಕೆ ನನಗೆ ಸಮ್ಮತವಲ್ಲ. ದತ್ತಿಯನ್ನು ನವೀಕರಿಸುವ ಸಾಮಂತಮನೆತನವೇ ಅಳಿದಾಗ ಬಸದಿಯ ಹೊಲಕ್ಕೆ ಕೇಳುವವರಿಲ್ಲದಾಯಿತೆಂಬುದು ಅಷ್ಟೇ ಬಲವಾದ ಕಾರಣ.

ಆರು ಶತಮಾನಗಳ ಅನಂತರ ಇದೇ ನೆಲದಲ್ಲಿ ಇದೇ ಪ್ರಶ್ನೆ ಮತ್ತೆ ಎದ್ದಿತು. 1818ರಲ್ಲಿ ಪೇಶ್ವೆಯ ಆಳಿಕೆ ಮುಗಿದು ಕಂಪನಿ ಸರಕಾರ ಬಂದಿತ್ತು. 1824ರಲ್ಲಿ ಕಿತ್ತೂರಿನ ಶಿವಲಿಂಗರುದ್ರಸರ್ಜನು ತೀರಿಕೊಂಡಾಗ ಥ್ಯಾಕರೆಯು ದತ್ತಕವನ್ನು ಒಪ್ಪಲಿಲ್ಲ. ಅಕ್ಟೋಬರ್ 23ರಂದು ಅವನು ಕಿತ್ತೂರಿನಲ್ಲಿ ಹತನಾದನು. ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ 1829ರ ಫೆಬ್ರುವರಿ 2ರಂದು ನಿಧನಳಾದಳು. ಈ ಕಥೆ ಎಲ್ಲರಿಗೂ ಗೊತ್ತು. ಅಷ್ಟಾಗಿ ವಿಚಾರಕ್ಕೆ ಬಾರದಿರುವುದು ಸಂಗೊಳ್ಳಿ ರಾಯಣ್ಣನ ವೃತ್ತಿಯ ಹೆಸರು. ಅವನು ಶೇತಸನದಿ, ಗ್ರಾಮರಕ್ಷಣೆಯ ಸೇವೆಗಾಗಿ ಸನದಿನ ಮೂಲಕ ಹೊಲವನ್ನು ಪಡೆದವನು. ಆ ಪದದಲ್ಲಿಯೇ ಹೊಲವೂ ಇದೆ, ಕಾಗದವೂ ಇದೆ. ನಿಜಿಯಬ್ಬೆಯ ಶಾಸನದಲ್ಲಿ ಕಾಣದ ಕೆಳಸ್ತರದ ಮನುಷ್ಯನು ಇಲ್ಲಿ ದಾಖಲೆಯೊಳಕ್ಕೆ ಬಂದಿದ್ದಾನೆ, ಆದರೆ ಸರಕಾರ ಬದಲಾದೊಡನೆ ಆ ದಾಖಲೆ ಅವನನ್ನು ಕಾಯಲಿಲ್ಲ. 1830ರಲ್ಲಿ ಅವನ ದಂಡು ಬೀಡಿಯ ಕಚೇರಿಗೆ ಬೆಂಕಿಯಿಟ್ಟಿತು. ಹೊಲದ ಲೆಕ್ಕ ಇರುತ್ತಿದ್ದ ಸ್ಥಳ ಕಚೇರಿಯೇ ಅಲ್ಲವೆ? 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು.

ಮುಂಬಯಿ ಪ್ರಾಂತದಲ್ಲಿ 1852ರ 11ನೆಯ ಕಾಯಿದೆಯ ಮೇರೆಗೆ ಇನಾಮು ಕಮಿಶನ್ನು ಪ್ರತಿಯೊಬ್ಬ ಇನಾಮುದಾರನ ಹಕ್ಕುಪತ್ರವನ್ನು ಪರೀಕ್ಷಿಸಲು ತೊಡಗಿತು. ಕಾಗದ ಗೆದ್ದಲು ಹಿಡಿದಿದ್ದವನ ಗತಿಯನ್ನು ಊಹಿಸಬಹುದು. ಈ ಕಮಿಶನ್ನಿನಲ್ಲಿ ಕೆಲಸ ಮಾಡಿದ್ದ ಮ್ಯಾನ್ಸನ್ನನೇ 1858ರ ಮೇ ತಿಂಗಳಲ್ಲಿ ರಾಮದುರ್ಗದ ಬಳಿಯ ಸುರೇಬಾನದಲ್ಲಿ ನರಗುಂದದ ಬಾಬಾಸಾಹೇಬನ ಕೈಯಲ್ಲಿ ಮಡಿದನು. ನರಗುಂದದವನಿಗೂ ದತ್ತಕದ ಅನುಮತಿ ದೊರೆತಿರಲಿಲ್ಲ. ಕಲಭಾವಿಯ ಬಸದಿಯವರು ಕಂಚರಸನ ಮುಂದೆ ಹಿಡಿದದ್ದು ಹಳೆಯ ದತ್ತಿಯ ಕಥನ. ಇನಾಮುದಾರರು ಕಮಿಶನ್ನಿನ ಮುಂದೆ ಹಿಡಿದದ್ದು ಹಳೆಯ ಸನದು. ಕಂಚರಸನು ಒಪ್ಪಿದನು, ಕಮಿಶನ್ನು ಅನೇಕ ಕಡೆ ಒಪ್ಪಲಿಲ್ಲ.

ಈ ದೃಷ್ಟಿಯಿಂದ ನೋಡಿದಾಗ ನಮ್ಮ ಹಸ್ತಪ್ರತಿ ಸಂಗ್ರಹದ ಕ್ರಮದಲ್ಲಿ ಒಂದು ಕೊರತೆ ಎದ್ದು ಕಾಣುತ್ತದೆ. ಪುರಾಣ, ಆಗಮ, ವೈದ್ಯದ ಓಲೆಗಳನ್ನು ಆದರದಿಂದ ತರುತ್ತೇವೆ. ಹುಣಿಸೆಬೀಜದ ಸರಿ ಮತ್ತು ಇದ್ದಲಿನ ಪುಡಿ ಬಳಿದ ಬಟ್ಟೆಯ ಕಡತಗಳನ್ನು ಬರಿಯ ಲೆಕ್ಕವೆಂದು ಬಿಟ್ಟುಬಿಡುತ್ತೇವೆ. ಬಳಪದಲ್ಲಿ ಬರೆದ ಆ ಲೆಕ್ಕಗಳಲ್ಲಿ ಯಾವ ಹೊಲವನ್ನು ಯಾರು ಉತ್ತರು, ಎಷ್ಟು ಧಾನ್ಯವನ್ನು ಅಳೆದರು, ಎಷ್ಟು ಬಾಕಿ ಉಳಿಸಿಕೊಂಡರು ಎಂಬುದು ಸಿಗುವ ಸಂಭವವುಂಟು. ಒದ್ದೆ ಕೈ ತಾಗಿದರೆ ಬಳಪದ ಅಕ್ಷರ ಅಳಿಸಿಹೋಗುತ್ತದೆ. ಮಲೆನಾಡಿನ ಅಂಚಿನ ಮನೆಗಳ ಅಟ್ಟಗಳಲ್ಲಿ ತೇವಕ್ಕೆ ಕೊರತೆಯಿಲ್ಲ.